ಓದೋಕೇ ಆಗದ ಅಕ್ಷರಕ್ಕೆ ಇಷ್ಟೊಂದು ಶ್ರಮ ಯಾಕೆ? ಅರಬ್ಬೀ ಕ್ಯಾಲಿಗ್ರಫಿ ಗೊತ್ತಿರೋರು ಹೇಳಿ

ಪಿಕ್ಸೆಲ್ ಪದ್ಮ
ನಾನು ಗ್ರಾಫಿಕ್ ಡಿಸೈನರ್. ದಿನಾ ಅಕ್ಷರಗಳ ಜೊತೆಗೇ ಗುದ್ದಾಟ. ವಿಜಯಪುರದ ಇಬ್ರಾಹಿಂ ರೋಜಾ ನೋಡಿ ಬಂದ ಮೇಲೆ ಒಂದು ಪ್ರಶ್ನೆ ತಲೆ ತಿನ್ನುತ್ತಿದೆ.

ಅಲ್ಲಿ ಗೋರಿಯ ಹೊರಗೋಡೆ ತುಂಬ ಅರಬ್ಬೀ ಬರಹ. ಕಿಟಕಿಯ ಜಾಲರಿ ಕೂಡ ಅಕ್ಷರಗಳೇ. ಸುತ್ತಲಿನ ಕಲ್ಲು ಕಡೆದು ತೆಗೆದು ಅಕ್ಷರ ಮಾತ್ರ ಉಳಿಸಿದ್ದಾರೆ. ನಮ್ಮ ಆಫೀಸಿನಲ್ಲಿ ಅರಬ್ಬೀ ಚೆನ್ನಾಗಿ ಓದುವ ಗೆಳೆಯನೊಬ್ಬ ಇದ್ದಾನೆ. ಅವನಿಗೆ ಫೋಟೋ ತೋರಿಸಿ ಓದು ಅಂದೆ. ಎರಡು ಪದ ಓದಿದ, ಮುಂದಿಂದು ಬಿಡಿಸೋಕೆ ಆಗ್ತಿಲ್ಲ ಅಂದ.

ಓದು ಬರುವವರೇ ಓದಲಾಗದಿದ್ದರೆ ಅದನ್ನು ಬರಹ ಅನ್ನಬೇಕಾ, ಅಲಂಕಾರ ಅನ್ನಬೇಕಾ? ಯಾರಿಗೋಸ್ಕರ ಬರೆದರು? ನಾನು ಇಂಥದ್ದೊಂದು ಲೋಗೋ ಮಾಡಿಕೊಟ್ಟರೆ ಕ್ಲೈಂಟ್ ಅದೇ ದಿನ ವಾಪಸ್ ಕಳಿಸುತ್ತಾನೆ. ಇನ್ನೊಂದು, ಈ ಅಕ್ಷರಗಳಿಗೆ ಏನೋ ಭಾರಿ ಲೆಕ್ಕ ಇದೆ ಅಂತಾರೆ. ಏನದು ಲೆಕ್ಕ?

ಸುಮ್ನೆ ಓದೋನು
ಉತ್ತರ ಸಿಂಪಲ್. ಇಸ್ಲಾಂನಲ್ಲಿ ಚಿತ್ರ ಬರೆಯೋ ಹಾಗಿಲ್ಲ. ಅದಕ್ಕೆ ಅಕ್ಷರವನ್ನೇ ಚಿತ್ರ ಮಾಡಿದರು. ಮುಗೀತು.

ಹಳೇಪುಸ್ತಕ
ಮುಗಿಯಲಿಲ್ಲ. ಮಸೀದಿಯಲ್ಲಿ, ಕುರಾನಿನ ಪುಟದಲ್ಲಿ ಮನುಷ್ಯರ ಚಿತ್ರ ಇರಲ್ಲ, ಅದು ನಿಜ. ಆದರೆ ಅರಮನೆಯ ಪುಸ್ತಕಗಳ ಕಥೆಯೇ ಬೇರೆ. ಇರಾನಿನ ಷಾ ತಹಮಾಸ್ಪ್‌ಗಾಗಿ 16ನೇ ಶತಮಾನದಲ್ಲಿ ಮಾಡಿದ ಷಾಹನಾಮೆಯಲ್ಲಿ (ರಾಜರ ಕಥೆಯ ಪಾರ್ಸಿ ಮಹಾಕಾವ್ಯ) 258 ಚಿತ್ರಗಳಿದ್ದವು. ರಾಜರು, ಕುದುರೆಗಳು, ರಾಕ್ಷಸರು, ಎಲ್ಲ ಇದ್ದರು. ಅಷ್ಟು ದೂರ ಯಾಕೆ, ನಮ್ಮ ವಿಜಯಪುರದಲ್ಲೇ 1570ರಲ್ಲಿ 'ನುಜೂಮ್ ಅಲ್ ಉಲೂಮ್' ಅನ್ನೋ ಹಸ್ತಪ್ರತಿ ಆಯಿತು. ಜ್ಯೋತಿಷ್ಯ, ಆಯುಧ, ದೇವತೆ, ಯಂತ್ರ ತಂತ್ರ, ನೂರಾರು ಚಿತ್ರ. ಈಗ ಅದು ಡಬ್ಲಿನ್‌ನ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ.

ಚಿತ್ರ ಬೇಡ ಅಂತ ಅಕ್ಷರಕ್ಕೆ ಬಂದರು ಅನ್ನೋದು ಅರ್ಧ ಮಾತು. ಆ ಆಸ್ಥಾನಗಳಲ್ಲಿ ಬರೆಯುವವನ ಮರ್ಯಾದೆ ಚಿತ್ರಕಾರನಿಗಿಂತ ಜಾಸ್ತಿ ಇತ್ತು. ತಾಜ್ ಮಹಲಿನಲ್ಲಿ ವಾಸ್ತುಶಿಲ್ಪಿಯ ಸಹಿ ಇಲ್ಲ. ಬರಹ ಮಾಡಿದ ಅಮಾನತ್ ಖಾನ್ ಶೀರಾಜಿಯ ಸಹಿ ಇದೆ.

ವಿಜಾಪುರದವ
ಪದ್ಮಾ ಅವರ, ರೋಜಾ ನೋಡಿದ್ರಿ, ಛಲೋ ಆತು. ಅದನ್ನು ಕಟ್ಟಿಸಿದ ಉಸ್ತುವಾರಿ ಮಲಿಕ್ ಸಂದಲ್ ಅಂತ. ಆದರೆ ಜಾಮಿಯಾ ಮಸೀದಿ ಒಳಗಿನ ಮಿಹ್ರಾಬ್, ಅಂದ್ರ ಮಕ್ಕಾ ದಿಕ್ಕು ತೋರ್ಸೋ ಗೋಡಿ ಗೂಡು, ನೋಡಿದ್ರೋ ಇಲ್ಲೋ? 1636ರಲ್ಲಿ ಮುಹಮ್ಮದ್ ಆದಿಲ್ ಶಾಹ ಅದಕ್ಕೆ ಬಂಗಾರದ ಬಣ್ಣ, ಬರಹ ಎಲ್ಲ ಮಾಡಿಸಿದ. ಬಂದವರೆಲ್ಲ ಗೋಳಗುಮ್ಮಟದಾಗ ಕೂಗಿ ಪ್ರತಿಧ್ವನಿ ಕೇಳಿ ಹೋಗಿಬಿಡ್ತಾರ. ಇತ್ತ ಕಡೆ ಯಾರೂ ಬರಂಗಿಲ್ಲ.

ದೌತಿ
ಲೆಕ್ಕದ ಪ್ರಶ್ನೆ ನನಗೆ ಬಿಡಿ. ನಾನು ಖತ್, ಅಂದರೆ ಈ ಅರಬ್ಬೀ ಕ್ಯಾಲಿಗ್ರಫಿ, ಕಲಿಯುತ್ತಿದ್ದೇನೆ. ಖತ್ತಾತ್ (ಪಳಗಿದ ಕ್ಯಾಲಿಗ್ರಫಿ ಬರಹಗಾರ) ಅಲ್ಲ, ಇನ್ನೂ ವಿದ್ಯಾರ್ಥಿ.

ಕಲಮು ಅಂದರೆ ಜೊಂಡಿನ ಕಡ್ಡಿ. ತುದಿಯನ್ನು ಓರೆಯಾಗಿ ಕತ್ತರಿಸಬೇಕು. ಆ ತುದಿಯನ್ನು ಕಾಗದಕ್ಕೆ ಒತ್ತಿ ಒಂಚೂರು ಎಳೆದರೆ ವಜ್ರದ ಆಕಾರದ ಚುಕ್ಕೆ ಮೂಡುತ್ತೆ. ಆ ಚುಕ್ಕೆಯೇ ಅಳತೆಗೋಲು. ಅಲಿಫ್ ಅನ್ನೋ ಅಕ್ಷರ ಎಷ್ಟು ಎತ್ತರ, 'ಬಾ' ಎಷ್ಟು ಉದ್ದ, ನೂನಿನ ಹೊಟ್ಟೆ ಎಷ್ಟು ಆಳ, ಎಲ್ಲವೂ ಇಷ್ಟು ಚುಕ್ಕೆ ಅಂತ. ಸುಲುಸ್ ಶೈಲಿಯಲ್ಲಿ ಅಲಿಫ್ ಸಾಮಾನ್ಯವಾಗಿ 7 ಚುಕ್ಕೆ ಎತ್ತರ. ನಸ್ತಾಲೀಖ್‌ನಲ್ಲಿ 3. ಕಲಮು ದಪ್ಪ ಆದರೆ ಚುಕ್ಕೆ ದೊಡ್ಡದು, ಅಕ್ಷರವೂ ಅದೇ ಪ್ರಮಾಣದಲ್ಲಿ ದೊಡ್ಡದು. ಸ್ಕೇಲ್ ಬೇಕಿಲ್ಲ. ಅಳತೆ ಕಲಮಿನ ತುದಿಯಲ್ಲೇ ಇರುತ್ತೆ.

ಈ ಪದ್ಧತಿಗೆ ಇಬ್ನ್ ಮುಕ್ಲಾನ ಹೆಸರು ಹೇಳುತ್ತಾರೆ. ಬಾಗ್ದಾದಿನ ಅಬ್ಬಾಸಿ ಖಲೀಫರ ಹತ್ತಿರ ಮೂರು ಸಲ ವಜೀರನಾಗಿದ್ದ. ಅರಮನೆ ರಾಜಕೀಯದಲ್ಲಿ ಸಿಕ್ಕಿಬಿದ್ದು ಬಲಗೈ ಕಳೆದುಕೊಂಡ, ಕತ್ತರಿಸಿ ಹಾಕಿದರು. ಉಳಿದ ತೋಳಿಗೆ ಕಲಮು ಕಟ್ಟಿಕೊಂಡು ಬರೆದ ಅಂತ ಕಥೆ. 940ರಲ್ಲಿ ಸೆರೆಯಲ್ಲೇ ಸತ್ತ. ಇಡೀ ಕಲೆಗೆ ಅಳತೆ ಕೊಟ್ಟವನು, ಆದರೆ ಇದು ಅವನದೇ ಕೈಬರಹ ಅಂತ ಖಚಿತವಾಗಿ ತೋರಿಸೋಕೆ ಒಂದು ಹಾಳೆಯೂ ಉಳಿದಿಲ್ಲ.

ಅವನ ದಾರಿಯಲ್ಲಿ ಮುಂದೆ ಬಂದವನು ಇಬ್ನ್ ಅಲ್ ಬವ್ವಾಬ್. ಅವನು ಹಿಜರಿ 391ರಲ್ಲಿ, ಅಂದರೆ 1000-01ರ ಹೊತ್ತಿಗೆ ಬರೆದ ಕುರಾನ್ ಅದೇ ಚೆಸ್ಟರ್ ಬೀಟಿಯಲ್ಲಿದೆ. ನಸ್ಖ್ ಶೈಲಿ. ಇವತ್ತು ಅರಬ್ಬೀ ಓದು ಬರುವ ಯಾರಾದರೂ ಅದನ್ನು ಸಲೀಸಾಗಿ ಓದಬಹುದು.

ಪಿಕ್ಸೆಲ್ ಪದ್ಮ
@ದೌತಿ ಅಳತೆ ಕಲಮಿನ ತುದಿಯಲ್ಲೇ ಇದೆ ಅನ್ನೋದು ಕೇಳಿ ಖುಷಿ ಆಯ್ತು. ಆದರೆ ನನ್ನ ತಕರಾರು ಇನ್ನೂ ಗಟ್ಟಿ ಆಯ್ತು ನೋಡಿ. ಸಾವಿರ ವರ್ಷದ ಹಿಂದಿನದು ಸಲೀಸಾಗಿ ಓದಬಹುದು, ನಾನೂರು ವರ್ಷದ ಹಿಂದಿನ ರೋಜಾದ್ದು ಆಗಲ್ಲ ಅಂದರೆ ಏನರ್ಥ? ಮುಂದೆ ಹೋಗೋ ಬದಲು ಹಿಂದೆ ಹೋದರಾ?

ಮಲ್ಲೇಶ್ವರಂ ಮೂಲೆ
ರಂಗೋಲಿಗೆ ಚುಕ್ಕೆ ಇಟ್ಟ ಹಾಗೆ ಅನ್ನಿ.

ದೌತಿ
@ಮಲ್ಲೇಶ್ವರಂ ಮೂಲೆ ಅಷ್ಟು ಸರಿಹೊಂದಲ್ಲ. ರಂಗೋಲಿಯಲ್ಲಿ ಚುಕ್ಕೆ ಮೊದಲು, ಗೆರೆ ಆಮೇಲೆ. ಇಲ್ಲಿ ಮೊದಲು ಬರೆಯೋದು, ಆಮೇಲೆ ಗುರುಗಳು ಕೆಂಪು ಮಸಿಯಲ್ಲಿ ಚುಕ್ಕೆ ಇಟ್ಟು ಎಲ್ಲಿ ತಪ್ಪಿದೆ ಅಂತ ತೋರಿಸೋದು.

@ಪಿಕ್ಸೆಲ್ ಪದ್ಮ ಹಿಂದೆ ಹೋಗಿಲ್ಲ, ಕೆಲಸ ಬೇರೆ. ನಸ್ಖ್ ಪುಸ್ತಕಕ್ಕೆ. ದಿನಾ ಕೂತು ಓದಬೇಕು, ಹಾಗಾಗಿ ಸಾಲು ನೇರ, ಅಕ್ಷರ ಸ್ಪಷ್ಟ. ಸುಲುಸ್ ಗೋಡೆಗೆ, ಬಾಗಿಲಿಗೆ, ಪುಸ್ತಕದ ಶೀರ್ಷಿಕೆಗೆ. ಅದರಲ್ಲಿ ಪದದ ಮೇಲೆ ಪದ ಏರಿಸಿ ಕೂರಿಸಬಹುದು. ಉದ್ದನೆಯ ಅಕ್ಷರಗಳನ್ನು ಒಂದರೊಳಗೊಂದು ಹಾಯಿಸಬಹುದು. ಬಹಳ ಸಲ ಓದು ಕೆಳಗಿಂದ ಶುರುವಾಗಿ ಮೇಲಕ್ಕೆ ಹೋಗುತ್ತೆ. ನಿಮ್ಮ ಗೆಳೆಯ ಬಲದಿಂದ ಎಡಕ್ಕೆ ನೇರ ಓದಲು ನೋಡಿರಬೇಕು, ಅದಕ್ಕೇ ಎರಡು ಪದಕ್ಕೆ ನಿಂತ.

ಸುಮ್ನೆ ಓದೋನು
ಅಂದರೆ ಓದೋಕಲ್ಲ, ನೋಡೋಕೆ. ನಾನು ಹೇಳಿದ್ದೂ ಅದೇ ಅಲ್ವಾ?

ಕಲಬುರ್ಗಿ ಕಾಕಾ
ಅಲ್ಲ ತಮ್ಮಾ. ಗೋಡೆ ಮೇಲಿನದ್ದು ಬಹಳಷ್ಟು ಕುರಾನಿನ ಆಯತ್, ಅಂದ್ರ ವಾಕ್ಯ. ಆ ಕಾಲದಾಗ ಅಲ್ಲಿ ನಿಂತು ನೋಡೋರಿಗೆ ಅದು ಬಾಯಿಪಾಠ. ಎರಡು ಪದ ಗುರುತು ಸಿಕ್ಕರ ಸಾಕು, ಉಳಿದಿದ್ದು ನಾಲಿಗಿ ಮೇಲೆ ಬರ್ತದ. ಅಕ್ಷರ ಅಕ್ಷರ ಕೂಡಿಸಿ ಓದೂದು ಹೊಸಬರ ಕೆಲಸ. ಗೊತ್ತಿದ್ದ ಮಾತನ್ನ ಎಷ್ಟು ಚಂದ ಕೂರ್ಸ್ಯಾನ ಅಂತ ನೋಡೂದು ಬಲ್ಲವರ ಕೆಲಸ. ಪದ್ಮಾ ಅವರ ಗೆಳೆಯಗ ಭಾಷಾ ಗೊತ್ತದ, ಆಯತ್ ಬಾಯಿಪಾಠ ಇಲ್ಲ. ಫರಕು ಅಷ್ಟೇ.

ಪಿಕ್ಸೆಲ್ ಪದ್ಮ
ಕಾಕಾ, ಇದು ಒಪ್ಪುವ ಮಾತು. ಆದರೆ ಇದರರ್ಥ ಗೊತ್ತಿದ್ದವರಿಗೆ ಮಾತ್ರ ಬಾಗಿಲು ತೆಗೆದಿದೆ ಅಂತ. ಹೊರಗಿನವರಿಗೆ ಏನು?

ಕಲಬುರ್ಗಿ ಕಾಕಾ
ಹೊರಗಿನವರಿಗೆ ಕಣ್ಣು ಅದ ಅಲ್ಲ. ಬೀದರ್ ಹತ್ತಿರ ಅಷ್ಟೂರಿಗೆ ಹೋಗ್ರಿ. ಬಹಮನಿ ಸುಲ್ತಾನ ಅಹ್ಮದ್ ಷಾ ವಲಿ 1436ರಾಗ ತೀರಿಕೊಂಡ, ಅವನ ಗುಮ್ಮಟ ಅಲ್ಲದ. ಒಳಗ ಗೋಡಿ, ಮ್ಯಾಲಿನ ಗುಮ್ಮಟ ಎಲ್ಲ ಬಂಗಾರ, ಕೆಂಪು, ನೀಲಿ ಬಣ್ಣದಾಗ ಬರಹ. ಕೋನ ಕೋನದ ಹಳೇ ಕೂಫಿ ಶೈಲಿ ಅದ, ಸುಲುಸ್ ಅದ, ಕಿರ್ಮಾನಿನ ಸೂಫಿ ಸಂತ ಷಾ ನಿಮತುಲ್ಲಾ ವಲಿ ಅವರ ಪಾರ್ಸಿ ಪದ್ಯನೂ ಅವ. ಅಲ್ಲಿ ಉರುಸು ನಡೀತದ. ಲಿಂಗಾಯತರು ಅಹ್ಮದ್ ಷಾನನ್ನ ಅಲ್ಲಮಪ್ರಭು ಅಂತ ನಂಬ್ತಾರ. ಜಾತ್ರಿಗೆ ಜಂಗಮರು ಬರ್ತಾರ, ಕಾಯಿ ಒಡೀತಾರ. ಬರೋರಾಗ ಪಾರ್ಸಿ ಎಷ್ಟು ಮಂದಿಗೆ ಬರ್ತದ? ಆದರೂ ಎಲ್ಲಾರೂ ತಲಿ ಎತ್ತಿ ನೋಡೇ ನೋಡ್ತಾರ.

ವಿಜಾಪುರದವ
ಬೀದರಿನವರು ಬಂದ್ರು ಅಂದ್ರ ನಮ್ಮನ್ನ ಮಾತಾಡಾಕ ಬಿಡಂಗಿಲ್ಲ 😄

ಕಲಬುರ್ಗಿ ಕಾಕಾ
ನಾ ಕಲಬುರ್ಗಿಯಂವ ಮಾರಾಯಾ. ಹೆಸರು ನೋಡು.

ನ್ಯೂಜೆರ್ಸಿ ನಾಗ
ಓದೋಕಾಗದ ಬರಹ ಗೋಡೆಗೆ ಮಾತ್ರ ಅಂದುಕೊಳ್ಳಬೇಡಿ. ನೀಲಿ ಕುರಾನ್ ನೋಡಿ. ಇಲ್ಲಿ ನ್ಯೂಯಾರ್ಕಿನ ಮೆಟ್ ಮ್ಯೂಸಿಯಮ್ಮಿನಲ್ಲಿ ಅದರ ಒಂದು ಹಾಳೆ ಇದೆ. ಚರ್ಮದ ಹಾಳೆಗೆ ನೀಲಿ ಬಣ್ಣ, ಅದರ ಮೇಲೆ ಚಿನ್ನದಲ್ಲಿ ಕೂಫಿ ಅಕ್ಷರ. 9ನೇ ಶತಮಾನದ ಕೊನೆ ಅಥವಾ 10ನೇ ಶತಮಾನದ ಶುರು ಅಂತ ಬಹಳ ಜನ ಹೇಳುತ್ತಾರೆ. ಪುಟಕ್ಕೆ 15 ಸಾಲು. ಪ್ರತಿ ಸಾಲೂ ಒಂದೇ ಅಗಲಕ್ಕೆ ಬರಲಿ ಅಂತ ಅಕ್ಷರಗಳನ್ನು ಅಡ್ಡಕ್ಕೆ ಎಳೆದಿದ್ದಾರೆ. ಪದಗಳ ನಡುವೆ ಬಿಡುವು ಎಷ್ಟೋ, ಪದದೊಳಗಿನ ಅಕ್ಷರಗಳ ನಡುವೆಯೂ ಸುಮಾರು ಅಷ್ಟೇ. ಸ್ವರ ಚಿಹ್ನೆ ಇಲ್ಲ. ಬಾ, ತಾ, ಸಾ ಗುರುತಿಸೋಕೆ ಚುಕ್ಕೆಯೂ ಸಿಗಲ್ಲ. ಹಾಳೆ ಮಾತ್ರ ಮರೆಯೋಕಾಗಲ್ಲ.

ಹೆಚ್ಚಿನ ಭಾಗ ಟ್ಯುನೀಷಿಯಾದಲ್ಲೇ ಇದೆ. ಉಳಿದ ಹಾಳೆಗಳು ಪ್ರಪಂಚ ಪೂರ್ತಿ ಚೆಲ್ಲಾಪಿಲ್ಲಿ.

ಮಲ್ಲೇಶ್ವರಂ ಮೂಲೆ
ಒಂದು ಪುಸ್ತಕವನ್ನು ಹಾಳೆ ಹಾಳೆ ಮಾಡಿ ಮಾರೋದು ಯಾವ ನ್ಯಾಯ?

ಹಳೇಪುಸ್ತಕ
ನ್ಯಾಯ ಕೇಳಬೇಡಿ, ಮಾರುಕಟ್ಟೆ ಕೇಳಿ. ನಾನು ಮೇಲೆ ಹೇಳಿದ ತಹಮಾಸ್ಪ್ ಷಾಹನಾಮೆಗೂ ಅದೇ ಗತಿ. ಆರ್ಥರ್ ಹೌಟನ್ ಅನ್ನೋ ಅಮೆರಿಕದ ಶ್ರೀಮಂತ ಅದನ್ನು ಕೊಂಡು, ಬಿಚ್ಚಿ, ಚಿತ್ರದ ಹಾಳೆಗಳನ್ನು ಒಂದೊಂದಾಗಿ ಕೊಟ್ಟ, ಮಾರಿದ. ಉಳಿದ ಭಾಗ 1994ರಲ್ಲಿ ಇರಾನಿಗೆ ವಾಪಸ್ ಹೋಯಿತು. ಹೇಗೆ ಗೊತ್ತಾ? ಟೆಹರಾನಿನ ಮ್ಯೂಸಿಯಮ್ಮಿನಲ್ಲಿದ್ದ ವಿಲ್ಲೆಮ್ ಡಿ ಕೂನಿಂಗ್‌ನ ಒಂದು ಹೆಣ್ಣಿನ ಚಿತ್ರ ಕೊಟ್ಟು ಇದನ್ನು ತಗೊಂಡರು. ಬದಲಾಯಿಸಿಕೊಂಡಿದ್ದು ವಿಯೆನ್ನಾ ವಿಮಾನ ನಿಲ್ದಾಣದಲ್ಲಿ.

ಸುಮ್ನೆ ಓದೋನು
ಇದು ಸಿನಿಮಾ ಕಥೆ ಅಲ್ವಾ!

ಮಲ್ಲೇಶ್ವರಂ ಮೂಲೆ
ನಮ್ಮಲ್ಲಿ ಏನಿತ್ತು, ಏನು ಹೋಯ್ತು? ಅದನ್ನೂ ಯಾರಾದರೂ ಹೇಳಿ.

ಹಳೇಪುಸ್ತಕ
ವಿಜಯಪುರದ ಅಸರ್ ಮಹಲಿನಲ್ಲಿ ಆದಿಲ್ ಶಾಹಿಗಳ ಗ್ರಂಥಾಲಯದ ಉಳಿಕೆ ಇತ್ತು. ಅರಬ್ಬೀ, ಪಾರ್ಸಿ ಹಸ್ತಪ್ರತಿಗಳು. 1853ರಲ್ಲಿ ಲಂಡನ್ನಿಗೆ ಸಾಗಿಸಿದರು. ಇಂಡಿಯಾ ಆಫೀಸ್ ಲೈಬ್ರರಿಗೆ ಹೋದವು, ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ.

ಇನ್ನೊಂದು ಟಿಪ್ಪು ಸುಲ್ತಾನನ ಗ್ರಂಥಾಲಯ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಸುಮಾರು 2000 ಸಂಪುಟ ಸಿಕ್ಕವು. ಚಾರ್ಲ್ಸ್ ಸ್ಟುವರ್ಟ್ ಮಾಡಿದ ಪಟ್ಟಿ 1809ರಲ್ಲಿ ಅಚ್ಚಾಯಿತು. ಕೆಲವು ಕಲ್ಕತ್ತೆಗೆ, ಕೆಲವು ಇಂಗ್ಲೆಂಡಿಗೆ ಹೋದವು. ಟಿಪ್ಪು ಪುಸ್ತಕಗಳಿಗೆ ಹೊಸ ಚರ್ಮದ ರಟ್ಟು ಕಟ್ಟಿಸಿ, ಅದರ ಮೇಲೆ 'ಸರ್ಕಾರೆ ಖುದಾದಾದ್' (ದೇವರು ಕೊಟ್ಟ ಸರ್ಕಾರ) ಅಂತ ಮುದ್ರೆ ಒತ್ತಿಸುತ್ತಿದ್ದ. ಆ ರಟ್ಟು ನೋಡಿಯೇ ಇದು ಶ್ರೀರಂಗಪಟ್ಟಣದ್ದು ಅಂತ ಗುರುತು ಹಿಡಿಯುತ್ತಾರೆ.

ಟಿಪ್ಪುವಿನ ಆಯುಧಗಳ ಮೇಲೆ ಹುಲಿ ಮುಖದ ಗುರುತು ನೋಡಿದ್ದೀರಲ್ಲ? ಕೆಲವು ಕಡೆ ಆ ಮುಖವೇ ಅಕ್ಷರ. 'ಅಸದುಲ್ಲಾಹಿಲ್ ಗಾಲಿಬ್' (ಗೆಲ್ಲುವ ದೇವರ ಸಿಂಹ) ಅನ್ನೋ ಪದಗಳನ್ನು ಎಡಕ್ಕೊಂದು ಬಲಕ್ಕೊಂದು ಕನ್ನಡಿಯಲ್ಲಿ ಕಂಡಂತೆ ಬರೆದು ಹುಲಿ ಮಾಡಿದ್ದಾರೆ.

ಪಿಕ್ಸೆಲ್ ಪದ್ಮ
ಹುಲಿ ಲೋಗೋ! ಇದಕ್ಕೆ ಬೇಕಾದರೆ ಕ್ಲೈಂಟ್ ಒಪ್ಪುತ್ತಾನೆ.

ಮೈಸೂರು ಮಂಜು
ಟಿಪ್ಪು ಹೆಸರು ಬಂತು, ಇನ್ನು ಈ ಚರ್ಚೆ ಕೆಟ್ಟಿತು. ನಾನು ಹೊರಟೆ.

ನಿರ್ವಾಹಕ
ಯಾರೂ ಹೊರಡಬೇಕಿಲ್ಲ. ಅಕ್ಷರದ ಬಗ್ಗೆ ಮಾತ್ರ ಮಾತಾಡಿ. ಬೇರೆಯದಕ್ಕೆ ಬೇರೆ ಚರ್ಚೆಗಳಿವೆ, ಅಲ್ಲಿ ಸಾಕಷ್ಟು ಜಗಳ ನಡೀತಿದೆ.

ರಸಾಯನ ಮೇಷ್ಟ್ರು
ಅಕ್ಷರದ ಬಗ್ಗೆ ಇಷ್ಟು ಹೇಳಿದಿರಿ, ಮಸಿ ಬಗ್ಗೆ ಯಾರೂ ಹೇಳಲಿಲ್ಲ. ಹಳೇ ಖತ್‌ನಲ್ಲಿ ಬಳಸುವ ಕಪ್ಪು ಮಸಿ ದೀಪದ ಕಾಡಿಗೆ. ಎಣ್ಣೆ ದೀಪ ಉರಿದಾಗ ಬರುವ ಕಾಡಿಗೆಯನ್ನು ಹಿಡಿದು, ಗೋಂದಿನ ನೀರಿನ ಜೊತೆ ಹೊತ್ತುಗಟ್ಟಲೆ ಅರೆಯುತ್ತಾರೆ. ಅದು ಇಂಗಾಲ. ಬೆಳಕಿಗೆ ಮಾಸಲ್ಲ, ಕಾಗದವನ್ನೂ ತಿನ್ನಲ್ಲ. ಇಸ್ತಾಂಬುಲ್ಲಿನ ಸುಲೇಮಾನಿಯೇ ಮಸೀದಿಯಲ್ಲಿ ದೀಪಗಳ ಹೊಗೆ ಹೊರಗೆ ಹೋಗುವ ದಾರಿಯಲ್ಲಿ ಒಂದು ಕೋಣೆಯನ್ನೇ ಇಟ್ಟಿದ್ದಾರೆ. ಅಲ್ಲಿ ಕೂತ ಕಾಡಿಗೆಯನ್ನು ಕೆರೆದು ಮಸಿ ಮಾಡುತ್ತಿದ್ದರು.

ಇನ್ನೊಂದು ಬಗೆ ಇದೆ, ಮಾಚಿಕಾಯಿ ಮತ್ತು ಅನ್ನಭೇದಿ (ಕಬ್ಬಿಣದ ಲವಣ) ಸೇರಿಸಿ ಮಾಡುವ ಮಸಿ. ಅದರಲ್ಲಿ ಆಮ್ಲ ಇರುತ್ತೆ. ನೂರಾರು ವರ್ಷದಲ್ಲಿ ಕಾಗದವನ್ನು ಸುಟ್ಟು ಅಕ್ಷರದ ಆಕಾರದಲ್ಲೇ ತೂತು ಮಾಡುತ್ತೆ. ತಾಮ್ರದ ಹಸಿರು ಬಣ್ಣವೂ ಹಾಗೇ. ಹಳೇ ಪುಸ್ತಕಗಳಲ್ಲಿ ಹಸಿರು ಚೌಕಟ್ಟು ಇದ್ದ ಕಡೆ ಹಾಳೆ ಕಂದಾಗಿ ಗೆರೆಗುಂಟ ಬಿಟ್ಟುಕೊಂಡಿರುತ್ತೆ, ಗಮನಿಸಿ. ನೀಲಿಗೆ ಆ ತೊಂದರೆ ಇಲ್ಲ. ಒಳ್ಳೆಯ ನೀಲಿ ಅಫ್ಘಾನಿಸ್ತಾನದ ಬದಖ್ಷಾನದಲ್ಲಿ ಸಿಗುವ ಲಾಜವರ್ದ ಕಲ್ಲಿನ ಪುಡಿ.

ದೌತಿ
ಮೇಷ್ಟ್ರೇ, ಚಿನ್ನ ಬಿಟ್ಟಿರಿ. ಚಿನ್ನದ ರೇಕನ್ನು ಜೇನುತುಪ್ಪ ಅಥವಾ ಗೋಂದಿನ ಜೊತೆ ಬೆರಳಲ್ಲಿ ಅರೆದು ಅರೆದು ಪುಡಿ ಮಾಡುತ್ತಾರೆ, ತೊಳೆದು, ಆ ಪುಡಿಯನ್ನು ಕುಂಚದಿಂದ ಹಚ್ಚುತ್ತಾರೆ. ಒಣಗಿದ ಮೇಲೆ ಅಗೇಟ್ ಕಲ್ಲಿನಿಂದ ತಿಕ್ಕಿದರೆ ಹೊಳಪು. ಈ ಅಲಂಕಾರದ ಕೆಲಸಕ್ಕೆ ತಝ್‌ಹೀಬ್ ಅಂತಾರೆ. ಪುಸ್ತಕದ ಮೊದಲ ಪುಟದಲ್ಲಿ ಸೂರ್ಯನ ಹಾಗೆ ಕಾಣುವ ಶಮ್ಸಾ, ಅಧ್ಯಾಯದ ಶೀರ್ಷಿಕೆಯ ಪಟ್ಟಿ, ಆಯತ್ ಮುಗಿದ ಕಡೆ ಪುಟ್ಟ ಚಿನ್ನದ ಹೂವು, ಅಂಚಿನಲ್ಲಿ ಭಾಗಗಳ ಗುರುತು. ಇದೆಲ್ಲ ಸುಮ್ನೆ ಚಂದಕ್ಕಲ್ಲ. ಓದುವವರು ಎಲ್ಲಿ ನಿಲ್ಲಬೇಕು, ಇವತ್ತಿನ ಪಾಲು ಎಲ್ಲಿಗೆ ಮುಗೀತು ಅಂತ ಗೊತ್ತಾಗೋದು ಇದರಿಂದಲೇ.

ಬರೆಯುವವನು, ಚಿನ್ನ ಹಚ್ಚುವವನು ಬೇರೆ ಬೇರೆ ಜನ. ಕೈರೋದಲ್ಲಿ ಬೈಬರ್ಸ್ ಅನ್ನೋ ಅಧಿಕಾರಿಗಾಗಿ 1304ರಿಂದ 1306ರ ನಡುವೆ ಏಳು ಸಂಪುಟದ ಕುರಾನ್ ಮಾಡಿದರು, ಪೂರ್ತಿ ಚಿನ್ನದ ಅಕ್ಷರ. ಬರೆದವನು ಇಬ್ನ್ ಅಲ್ ವಹೀದ್. ಅಲಂಕಾರದ ತಂಡದ ಮುಖ್ಯಸ್ಥ ಸಂದಲ್. ಇಬ್ಬರ ಹೆಸರೂ ಪುಸ್ತಕದಲ್ಲೇ ಇದೆ.

ವಿಜಾಪುರದವ
ಸಂದಲ್ ಅಂತ ಇನ್ನೊಬ್ಬಾತ! ನಮ್ಮ ಮಲಿಕ್ ಸಂದಲ್‌ಗೂ ಇವಗೂ ಮುನ್ನೂರು ವರ್ಷ ಫರಕು.

ಶಿವಾಜಿನಗರ ಕಾತಿಬ್ ಮಗ
ನಮ್ಮ ತಂದೆ ಉರ್ದು ಪತ್ರಿಕೆಯೊಂದರಲ್ಲಿ ಕಾತಿಬ್, ಅಂದರೆ ಕೈಯಲ್ಲಿ ಬರೆಯುವ ಲಿಪಿಕಾರ, ಆಗಿದ್ದರು. ಇಲ್ಲಿ ಎಲ್ಲರೂ ಸುಲ್ತಾನರ ಬಗ್ಗೆ ಹೇಳುತ್ತಿದ್ದೀರಿ, ನಾನು ಸಂಬಳಕ್ಕೆ ಬರೆದವರ ಬಗ್ಗೆ ಹೇಳುತ್ತೇನೆ.

ಉರ್ದು ಬರೆಯುವುದು ನಸ್ತಾಲೀಖ್‌ನಲ್ಲಿ. ಪದ ಬಲಗಡೆ ಮೇಲಿಂದ ಶುರುವಾಗಿ ಎಡಕ್ಕೆ ಇಳಿಜಾರಾಗಿ ಜಾರುತ್ತೆ. ಒಂದೇ ಅಕ್ಷರ ಪಕ್ಕದಲ್ಲಿ ಯಾರಿದ್ದಾರೆ ಅನ್ನೋದರ ಮೇಲೆ ಆಕಾರ ಬದಲಿಸುತ್ತೆ. ಅದನ್ನು ಅಚ್ಚಿನ ಮೊಳೆಗೆ ಇಳಿಸೋಕೆ ಎಷ್ಟೋ ಜನ ನೋಡಿದರು, ಓದುಗರು ಒಪ್ಪಲಿಲ್ಲ. ಹಾಗಾಗಿ ಪತ್ರಿಕೆ ಪೂರ್ತಿ ಕೈಯಲ್ಲಿ ಬರೆದು, ಅದರಿಂದ ಪ್ಲೇಟ್ ಮಾಡಿ ಅಚ್ಚು ಹಾಕುತ್ತಿದ್ದರು. ರಾತ್ರಿ ತಡವಾಗಿ ದೊಡ್ಡ ಸುದ್ದಿ ಬಂದರೆ ಯಾವುದೋ ಮೂಲೆಯಲ್ಲಿ ಜಾಗ ಮಾಡಿ ಬರೆಯಬೇಕು. ತಪ್ಪಾದರೆ ಬ್ಲೇಡಿನಿಂದ ಕೆರೆಯಬೇಕು.

1981ರಲ್ಲಿ ನೂರಿ ನಸ್ತಾಲೀಖ್ ಅನ್ನೋ ಫಾಂಟ್ ಬಂತು. ಪಾಕಿಸ್ತಾನದ ಮಿರ್ಜಾ ಅಹ್ಮದ್ ಜಮೀಲ್ ಸುಮಾರು 20,000 ಜೋಡಣೆಗಳನ್ನು ಬರೆದುಕೊಟ್ಟು, ಮೊನೋಟೈಪ್ ಯಂತ್ರದಲ್ಲಿ ಕೂರಿಸಿದರು. ಆಮೇಲೆ ಉರ್ದು ಪುಟ ಜೋಡಿಸುವ ಇನ್‌ಪೇಜ್ ಸಾಫ್ಟ್‌ವೇರ್ ಬಂತು. ಕಾತಿಬರ ಕೆಲಸ ಹೋಯ್ತು. ನಮ್ಮ ತಂದೆ ಆಮೇಲೆ ಮದುವೆ ಕಾರ್ಡು, ಅಂಗಡಿ ಬೋರ್ಡು ಬರೆದರು. ಅವರ ಹೆಸರು ಎಲ್ಲೂ ಇಲ್ಲ. ಚೆನ್ನೈನ 'ದಿ ಮುಸಲ್ಮಾನ್' ಪತ್ರಿಕೆ 1927ರಿಂದ ಕೈಬರಹದಲ್ಲಿ ಬಂದಿದ್ದಕ್ಕೆ ಲೋಕವೆಲ್ಲ ಹೋಗಿ ವಿಡಿಯೋ ಮಾಡಿತು. ಒಂದು ಕಾಲಕ್ಕೆ ಅದು ಎಲ್ಲ ಕಡೆ ಇದ್ದ ಮಾಮೂಲಿ ನೌಕರಿ.

ಪಿಕ್ಸೆಲ್ ಪದ್ಮ
20,000! ನಾನು ಕನ್ನಡ ಫಾಂಟಿನ ಒತ್ತಕ್ಷರ ಕೂರಿಸೋಕೇ ಒದ್ದಾಡಿದ್ದೇನೆ. ನಿಮ್ಮ ತಂದೆಯವರ ಬರಹ ಇದ್ದರೆ ಸ್ಕ್ಯಾನ್ ಮಾಡಿ ಇಡಿ, ದಯವಿಟ್ಟು.

ಶಿವಾಜಿನಗರ ಕಾತಿಬ್ ಮಗ
ಸ್ವಲ್ಪ ಇದೆ. ಹೆಚ್ಚಿನದು ರದ್ದಿಗೆ ಹೋಯ್ತು.

ಸುಮ್ನೆ ಓದೋನು
ಈಗ ಫಾಂಟ್ ಇದೆ, ಎಐ ಇದೆ. ಚುಕ್ಕೆ ಲೆಕ್ಕ ಹಾಕಿ ಯಂತ್ರವೇ ಬರೆಯುತ್ತೆ. ಕೈಯಲ್ಲಿ ಬರೆಯೋದು ಹಠ ಅಷ್ಟೇ, ಅಲ್ವಾ?

ದೌತಿ
ಚುಕ್ಕೆ ಲೆಕ್ಕ ಶುರು ಮಾಡೋಕೆ. ನನ್ನ ಗುರುಗಳು ಬರೆದದ್ದನ್ನು ಅಳೆದು ನೋಡಿದರೆ ಕೆಲವು ಕಡೆ ಅರ್ಧ ಚುಕ್ಕೆ ಹೆಚ್ಚು, ಕೆಲವು ಕಡೆ ಕಡಿಮೆ. ಪಕ್ಕದ ಅಕ್ಷರಕ್ಕೆ ಜಾಗ ಬಿಡೋಕೆ, ಸಾಲು ಭಾರ ಆಗದಿರೋಕೆ ಹಾಗೆ ಮಾಡುತ್ತಾರೆ. ಯಂತ್ರಕ್ಕೆ ಒಂದು ದಿನ ಅದೂ ಬರಬಹುದು, ನಾನು ಪಂಥ ಕಟ್ಟಲ್ಲ. ಆದರೆ ಎಐ ಮಾಡಿದ ಅರಬ್ಬೀ ಕ್ಯಾಲಿಗ್ರಫಿ ಪೋಸ್ಟರುಗಳನ್ನು ಅರಬ್ಬೀ ಗೊತ್ತಿರೋರಿಗೆ ತೋರಿಸಿ. ಎಷ್ಟೋ ಸಲ ಅಲ್ಲಿ ಪದವೇ ಇರಲ್ಲ, ಪದದಂಥ ಗೆರೆ ಇರುತ್ತೆ. ಓದೋಕೆ ಕಷ್ಟ ಬೇರೆ, ಓದೋಕೆ ಏನೂ ಇಲ್ಲದಿರೋದು ಬೇರೆ. ಪದ್ಮ ಅವರ ಮೊದಲ ಪ್ರಶ್ನೆಗೂ ನನ್ನ ಉತ್ತರ ಇದೇ.

ಕಲಿಕೆ ಹೇಗೆ ಅಂದರೆ, ತುರ್ಕಿ ಪದ್ಧತಿಯಲ್ಲಿ ಮೊದಲ ಪಾಠ ಅಕ್ಷರವೂ ಅಲ್ಲ, ಒಂದು ಪ್ರಾರ್ಥನೆ: ದೇವರೇ, ಸುಲಭ ಮಾಡು, ಕಷ್ಟ ಮಾಡಬೇಡ, ಒಳ್ಳೆಯದರಲ್ಲಿ ಮುಗಿಸು. ಅದನ್ನೇ ಗುರುಗಳು ಒಪ್ಪುವ ತನಕ ಬರೆಯಬೇಕು. ಕೊನೆಗೆ ಇಜಾಜಾ, ಅಂದರೆ ಕೃತಿಗೆ ತನ್ನ ಸಹಿ ಹಾಕುವ ಅನುಮತಿ. ಇಸ್ತಾಂಬುಲ್‌ನಿಂದ ಇಜಾಜಾ ಪಡೆದವರು ನಮ್ಮ ಬೆಂಗಳೂರಿನಲ್ಲೂ ಇದ್ದಾರೆ, ಕಲಿಸುತ್ತಾರೆ.

ಮಲ್ಲೇಶ್ವರಂ ಮೂಲೆ
ಬಾಗ್ದಾದಿನಲ್ಲಿ ಶುರುವಾದದ್ದು ಇಸ್ತಾಂಬುಲ್‌ಗೆ ಹೇಗೆ ಹೋಯ್ತು?

ಹಳೇಪುಸ್ತಕ
1258ರಲ್ಲಿ ಮಂಗೋಲರು ಬಾಗ್ದಾದ್ ಸುಟ್ಟರು. ಕೊನೆಯ ಖಲೀಫನ ಆಸ್ಥಾನದಲ್ಲಿ ಯಾಕೂತ್ ಅನ್ನೋ ಖತ್ತಾತ್ ಇದ್ದ. ಊರು ಉರಿಯುತ್ತಿದ್ದಾಗ ಮಿನಾರಿನಲ್ಲಿ ಅಡಗಿ ಕೂತು, ಕಾಗದ ಇಲ್ಲದೆ ಬಟ್ಟೆಯ ಮೇಲೆ ಅಭ್ಯಾಸ ಮಾಡುತ್ತಿದ್ದ ಅಂತ ಕಥೆ. ಅವನು ಅಲ್ಲೇ ಸತ್ತ, ಶಿಷ್ಯರು ಬೇರೆ ಬೇರೆ ಊರಿಗೆ ಹೋಗಿ ಕಲಿಸಿದರು.

ನ್ಯೂಜೆರ್ಸಿ ನಾಗ
ಯಾಕೂತ್ 1258ರಲ್ಲಿ ಸಾಯಲಿಲ್ಲ. ಇನ್ನೂ ನಲವತ್ತು ವರ್ಷ ಬದುಕಿದ್ದ, ತೀರಿದ್ದು 1298ರಲ್ಲಿ. ಮಂಗೋಲರ ಆಳ್ವಿಕೆಯಲ್ಲೇ ಕೆಲಸ ಮಾಡಿದ. ಕಲಮಿನ ತುದಿಯನ್ನು ಇನ್ನೂ ಓರೆ ಮಾಡಿದ ಹೆಸರು ಅವನದ್ದೇ. ಇಸ್ತಾಂಬುಲ್‌ನಲ್ಲಿ ಶೇಖ್ ಹಮ್ದುಲ್ಲಾ ಅವನ ಬರಹಗಳನ್ನೇ ಇಟ್ಟುಕೊಂಡು ಹೊಸ ದಾರಿ ಮಾಡಿದ. ಆಮೇಲೆ 17ನೇ ಶತಮಾನದಲ್ಲಿ ಹಾಫಿಜ್ ಉಸ್ಮಾನ್.

ಹಳೇಪುಸ್ತಕ
1298 ಸರಿ. ಶಿಷ್ಯರ ವಿಷಯ ಹಾಗೇ ಇರಲಿ.

ರಸಾಯನ ಮೇಷ್ಟ್ರು
ಒಂದು ಅನುಮಾನ. ಕಲಮಿನಿಂದ ಕಾಗದದ ಮೇಲೆ ಬರೆದದ್ದು ಸರಿ. ಗೋಡೆಯ ಮೇಲೆ ಆಳೆತ್ತರದ ಅಕ್ಷರ ಅದೇ ಅಳತೆಯಲ್ಲಿ ಹೇಗೆ ಬಂತು? ಅಷ್ಟು ದೊಡ್ಡ ಕಲಮು ಇರಲ್ಲ ತಾನೇ?

ದೌತಿ
ತುರ್ಕರ ವಿಧಾನ ಹೇಳುತ್ತೇನೆ. ಗಾಢ ಬಣ್ಣದ ಕಾಗದದ ಮೇಲೆ ಹಳದಿ ಮಸಿಯಲ್ಲಿ ಬರೆಯುತ್ತಾರೆ, ಅದು ಹರಿತಾಳ ಅನ್ನೋ ಹಳದಿ ಖನಿಜದಿಂದ ಮಾಡಿದ್ದು. ಬರೆದ ಮೇಲೆ ಅಂಚು ತಿದ್ದುತ್ತಾರೆ. ದೊಡ್ಡದು ಬೇಕಾದರೆ ಚೌಕಳಿ ಹಾಕಿ ಹಿಗ್ಗಿಸುತ್ತಾರೆ. ಆಮೇಲೆ ಅಂಚಿನ ಉದ್ದಕ್ಕೂ ಸೂಜಿಯಿಂದ ಚುಚ್ಚಿ ತೂತು. ಆ ಹಾಳೆಯನ್ನು ಕಲ್ಲಿಗೋ ಹಲಗೆಗೋ ಅಂಟಿಸಿ, ಇದ್ದಿಲು ಪುಡಿ ಕಟ್ಟಿದ ಬಟ್ಟೆಯಿಂದ ತಟ್ಟಿದರೆ ಚುಕ್ಕಿ ಚುಕ್ಕಿಯಾಗಿ ಗೆರೆ ಇಳಿಯುತ್ತೆ. ಅದರ ಮೇಲೆ ಕೆತ್ತುವವರು ಉಳಿ ಹಿಡಿಯುತ್ತಾರೆ.

ಹಾಗೆ ದೊಡ್ಡದು ಮಾಡಿದ್ದಕ್ಕೆ ಇಸ್ತಾಂಬುಲ್ಲಿನ ಆಯಾ ಸೋಫಿಯಾದ ದುಂಡು ಹಲಗೆಗಳು ಹೆಸರುವಾಸಿ. ಖಜಾಸ್ಕರ್ ಮುಸ್ತಫಾ ಇಜ್ಜತ್ ಎಫೆಂದಿ 19ನೇ ಶತಮಾನದ ಮಧ್ಯದಲ್ಲಿ ಬರೆದದ್ದು. ಒಟ್ಟು ಎಂಟು, ಒಂದೊಂದರ ಅಡ್ಡಳತೆ ಏಳೂವರೆ ಮೀಟರ್. 1930ರ ದಶಕದಲ್ಲಿ ಕಟ್ಟಡವನ್ನು ಮ್ಯೂಸಿಯಂ ಮಾಡಿದಾಗ ಕೆಳಗಿಳಿಸಿದರು. ಹೊರಗೆ ಸಾಗಿಸೋಕೆ ಹೋದರೆ ಬಾಗಿಲಲ್ಲಿ ಹಿಡಿಸಲಿಲ್ಲ! ಒಳಗೇ ಗೋಡೆಗೆ ಒರಗಿಸಿಟ್ಟಿದ್ದು, ವರ್ಷಗಳ ನಂತರ ವಾಪಸ್ ಮೇಲೆ ಹೋದವು.

ವಿಜಾಪುರದವ
ಹಾಂ, ಒಂದು ಹೇಳೂದು ಬಿಟ್ಟಿದ್ದೆ. ಇಬ್ರಾಹಿಂ ಆದಿಲ್ ಶಾಹನ ಕಾಲದಾಗ ಖಲೀಲುಲ್ಲಾ ಅಂತ ಇರಾನದಿಂದ ಬಂದ ಖತ್ತಾತ್ ಇದ್ದ. ಬಾದಶಹಾ ತಾನು ಬರೆದ 'ಕಿತಾಬೆ ನವರಸ' ಪುಸ್ತಕವನ್ನ ಅವನ ಕೈಲೆ ಬರೆಸಿ, 'ಪಾದಶಾಹೆ ಕಲಮ್' (ಕಲಮಿನ ಬಾದಶಹಾ) ಅಂತ ಬಿರುದು ಕೊಟ್ಟ. ಆ ಪುಸ್ತಕ ದಖನಿ ಹಾಡುಗಳದ್ದು. ಅದರಾಗ ಸರಸ್ವತಿ ಸ್ತುತಿನೂ ಅದ.

ಕರಾವಳಿ ಕಮಲ
ಎಲ್ಲ ಓದಿದೆ, ಒಂದು ಸಹಾಯ ಬೇಕು. ನಮ್ಮ ಪಕ್ಕದ ಮನೆಯ ಅಜ್ಜಿಯ ಹತ್ತಿರ ಕೈಯಲ್ಲಿ ಬರೆದ ಹಳೇ ಕುರಾನ್ ಇದೆ. ಹಾಳೆ ಬಿಟ್ಟುಕೊಂಡಿದೆ, ಹುಳ ತಿಂದಿದೆ. ಅವರ ಮೊಮ್ಮಗ ಲ್ಯಾಮಿನೇಷನ್ ಮಾಡಿಸೋಣ ಅಂತಿದ್ದಾನೆ.

ಹಳೇಪುಸ್ತಕ
ಬೇಡ! ಲ್ಯಾಮಿನೇಷನ್ ಮಾಡಿಸಿದರೆ ಮುಗೀತು, ಮತ್ತೆ ಬಿಡಿಸೋಕಾಗಲ್ಲ. ಸೆಲೋಟೇಪೂ ಬೇಡ, ಅದರ ಅಂಟು ಹಳದಿ ಕಲೆ ಮಾಡುತ್ತೆ. ಬಿಸಿಲಿಗೂ ಇಡಬೇಡಿ. ಶುದ್ಧ ಹತ್ತಿ ಬಟ್ಟೆಯಲ್ಲಿ ಸುತ್ತಿ, ಮಲಗಿಸಿ, ತೇವ ಇಲ್ಲದ ಕಡೆ ಇಡಲಿ. ಮೊದಲು ಫೋನಿನಲ್ಲಿ ಎಲ್ಲ ಪುಟದ ಫೋಟೋ ತೆಗೆಯಲಿ. ರಾಷ್ಟ್ರೀಯ ಹಸ್ತಪ್ರತಿ ಮಿಷನ್ 2003ರಲ್ಲಿ ಶುರುವಾದಾಗಿನಿಂದ ಬೇರೆ ಬೇರೆ ಕಡೆ ಸಂರಕ್ಷಣಾ ಕೇಂದ್ರಗಳು ಆಗಿವೆ. ಹತ್ತಿರದ ವಿಶ್ವವಿದ್ಯಾಲಯದ ಹಸ್ತಪ್ರತಿ ವಿಭಾಗದಲ್ಲಿ ವಿಚಾರಿಸಿ. ಕೊನೆಯ ಪುಟ ಇದೆಯಾ ನೋಡಿ. ಯಾರು ಬರೆದರು, ಯಾವ ವರ್ಷ ಅಂತ ಸಾಮಾನ್ಯವಾಗಿ ಅಲ್ಲಿರುತ್ತೆ.

ರಸಾಯನ ಮೇಷ್ಟ್ರು
ನೀರಿನಿಂದ ಒರೆಸೋಕೆ ಹೋಗಬೇಡಿ ಅಂತಲೂ ಹೇಳಿ. ಕಾಡಿಗೆ ಮಸಿ ಕಾಗದದ ಮೇಲೆ ಕೂತಿರುತ್ತೆ, ಒಳಗೆ ಇಳಿದಿರಲ್ಲ. ಒದ್ದೆ ಬಟ್ಟೆ ತಾಗಿದರೆ ಅಕ್ಷರವೇ ಎದ್ದು ಬರುತ್ತೆ.

ನ್ಯೂಜೆರ್ಸಿ ನಾಗ
ಹುಳದ ವಿಷಯಕ್ಕೆ ಒಂದು ತಮಾಷೆ. ಹಳೇ ಅರಬ್ಬೀ, ಪಾರ್ಸಿ ಪುಸ್ತಕಗಳ ಮೊದಲ ಅಥವಾ ಕೊನೆಯ ಪುಟದಲ್ಲಿ 'ಯಾ ಕಬೀಕಜ್' ಅಂತ ಬರೆದಿರುತ್ತೆ. ಕಬೀಕಜ್ ಹುಳಗಳ ರಾಜ, ಅವನ ಹೆಸರು ಕಂಡರೆ ಹುಳ ಪುಸ್ತಕ ಮುಟ್ಟಲ್ಲ ಅನ್ನೋ ನಂಬಿಕೆ. ಆ ಹೆಸರಿನ ವಿಷದ ಗಿಡವೂ ಒಂದಿದೆ.

ಕರಾವಳಿ ಕಮಲ
ಅಜ್ಜಿಯ ಪುಸ್ತಕದಲ್ಲಿ ಆ ಹೆಸರು ಇದ್ದರೆ ಹುಳ ಅದನ್ನೂ ತಿಂದಿರಬೇಕು 😂 ಮೊಮ್ಮಗನಿಗೆ ಈ ಚರ್ಚೆ ಕಳಿಸಿದ್ದೇನೆ. ಥ್ಯಾಂಕ್ಸ್.

ಪಿಕ್ಸೆಲ್ ಪದ್ಮ
@ದೌತಿ ಜೊಂಡಿನ ಕಲಮು ಎಲ್ಲಿ ಸಿಗುತ್ತೆ? ಆನ್‌ಲೈನಿನಲ್ಲಿ ತಗೊಂಡರೆ ಬೆಲೆ ಜಾಸ್ತಿ ಇದೆ. ಬಿದಿರು ಆಗುತ್ತಾ? ನಾನು ಎಡಗೈಯವಳು, ಅದಕ್ಕೇನಾದರೂ ತೊಂದರೆಯಾ?

ದೌತಿ
ಬಿದಿರು ಆಗುತ್ತೆ, ದೊಡ್ಡ ಅಕ್ಷರಕ್ಕೆ ಚೆನ್ನಾಗೇ ಆಗುತ್ತೆ. ಚೆನ್ನಾಗಿ ಒಣಗಿದ್ದು ತಗೊಳ್ಳಿ. ದೌತಿಯಲ್ಲಿ ಸ್ವಲ್ಪ ಹಸಿ ರೇಷ್ಮೆ ಎಳೆ ಹಾಕಿಡಿ, ಕಲಮು ಬೇಕಾದಷ್ಟೇ ಮಸಿ ಹೀರುತ್ತೆ. ನಮ್ಮಲ್ಲಿ ರೇಷ್ಮೆಗೆ ಬರ ಇಲ್ಲ. ಎಡಗೈಯವರಿಗೆ ತುದಿಯ ಓರೆ ಬೇರೆ ಥರ ಕತ್ತರಿಸಬೇಕು, ಗುರುಗಳನ್ನು ಕೇಳಿಯೇ ಮಾಡಿ. ಚಾಕು ಹರಿತ ಇರಲಿ, ಮೊಂಡು ಚಾಕುವಿನಲ್ಲೇ ಬೆರಳು ಕುಯ್ಯೋದು ಜಾಸ್ತಿ.

ಶಿವಾಜಿನಗರ ಕಾತಿಬ್ ಮಗ
ನಮ್ಮ ಮನೆಯಲ್ಲಿ ತಂದೆಯ ಹಳೇ ಕಲಮುಗಳು ಇನ್ನೂ ಒಂದು ಡಬ್ಬಿ ಇವೆ. ನಸ್ತಾಲೀಖ್‌ಗೆ ಕತ್ತರಿಸಿದ್ದು. ಪದ್ಮ ಅವರೇ, ಬೇಕಾದರೆ ಮೆಸೇಜ್ ಮಾಡಿ. ಎಡಗೈಗೆ ಮತ್ತೆ ಕತ್ತರಿಸಿಕೊಳ್ಳಬೇಕಾಗುತ್ತೆ ಅಷ್ಟೇ.